ಮೇಮಾರ್ ಸಿನಾನನ ಏಳು ವರ್ಷ

ನಮ್ಮೂರಿನ ಹಳೆಯ ಮಸೀದಿಯನ್ನು ಕೆಡವಿ ಹೊಸದು ಕಟ್ಟಬೇಕೆಂದು ತೀರ್ಮಾನವಾದ ರಾತ್ರಿ ನಾನೂ ಅಲ್ಲಿದ್ದೆ. ಇಶಾ ನಮಾಜು ಮುಗಿದ ಮೇಲೆ ಚಾಪೆಯ ಮೇಲೆ ಕುಳಿತು ಮಾತಾಡಿದೆವು. ಯಾರು ಎಷ್ಟು ಚಂದಾ ಕೊಡುತ್ತಾರೆ, ಸಿಮೆಂಟು ಯಾರ ಅಂಗಡಿಯಿಂದ ತರಬೇಕು, ಗುಮ್ಮಟ ಒಂದೋ ಮೂರೋ, ಮೀನಾರು ಪಕ್ಕದೂರಿನದಕ್ಕಿಂತ ಎಷ್ಟು ಅಡಿ ಎತ್ತರ ಇರಬೇಕು, ಎಲ್ಲವೂ ಚರ್ಚೆಯಾಯಿತು. ನಮ್ಮ ಮೊಹಲ್ಲಾದ ಹುಡುಗನೊಬ್ಬ ಆರ್ಕಿಟೆಕ್ಚರ್ ಓದಿಕೊಂಡು ಬಂದಿದ್ದ. ಮೂಲೆಯಲ್ಲಿ ಕೂತಿದ್ದವನು ಸಂಕೋಚದಿಂದಲೇ, "ಮೊದಲು ಜಾಗ ಅಳೆದು, ಮಣ್ಣು ನೋಡಿ, ಆಮೇಲೆ ನಕ್ಷೆ ಮಾಡೋಣ ಚಾಚಾ. ಕೆಲಸ ಮುಗಿಯೋ ತನಕ ನಾನು ಬಂದು ನೋಡ್ಕೋತೀನಿ" ಅಂದ. ಎಷ್ಟಾಗುತ್ತೆ ಎಂದು ಕೇಳಿದರು. ಹೇಳಿದ. ಹಿರಿಯರೊಬ್ಬರು ನಕ್ಕು, "ಕಾಗದದ ಮೇಲೆ ಗೆರೆ ಎಳೆಯೋಕೆ ಇಷ್ಟಾ ಬೇಟಾ? ಆ ದುಡ್ಡಿಗೆ ಎಷ್ಟು ಚೀಲ ಸಿಮೆಂಟು ಬರುತ್ತೆ ಗೊತ್ತಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪುರಸಭೆಗೆ ತೋರಿಸಲು ಒಂದು ಪ್ಲಾನು ಬರೆಸಿದರು. ಅದು ಫೈಲಿನಲ್ಲೇ ಉಳಿಯಿತು. ಮಸೀದಿಯನ್ನು ಮೇಸ್ತ್ರಿ ತನಗೆ ತಿಳಿದಂತೆ ಕಟ್ಟಿದ. ಅವನ ತಪ್ಪೇನೂ ಇಲ್ಲ, ಕೆಲಸಗಾರ ಒಳ್ಳೆಯವನೇ. ಆದರೆ ಇವತ್ತು ಜುಮಾ ದಿನ ಇಮಾಮರು ಖುತ್ಬಾ ಶುರು ಮಾಡಿದರೆ ಮೊದಲ ಮಾತು ಗುಮ್ಮಟಕ್ಕೆ ತಾಗಿ ಕೆಳಗೆ ಬರುವಷ್ಟರಲ್ಲಿ ಎರಡನೆಯ ಮಾತು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಮೂರನೆಯ ಸಾಲಿನ ಹಿಂದೆ ಕೂತವರಿಗೆ ಗುಂಯ್‌ಗುಡುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಮಳೆಗಾಲದಲ್ಲಿ ಪಶ್ಚಿಮದ ಗೋಡೆ ಬೆವರುತ್ತದೆ. ಬೀಡಿ ಕಟ್ಟುವ ಹೆಂಗಸರು ಹತ್ತು ಇಪ್ಪತ್ತರ ನೋಟುಗಳನ್ನು ಕೂಡಿಸಿ ಕೊಟ್ಟ ಹಣವೂ ಆ ಗೋಡೆಯಲ್ಲಿದೆ. ಅದನ್ನು ನೆನೆದಾಗಲೆಲ್ಲ ಆ ರಾತ್ರಿಯ ನನ್ನ ನಗು ನನಗೇ ಚುಚ್ಚುತ್ತದೆ.

ಉರ್ದು ಶಾಲೆಯಲ್ಲಿ ನಾವು ಕಲಿತ ಒಂದು ಪದ 'ಮೇಮಾರ್'. ಕಟ್ಟುವವನು ಎಂದು ಅರ್ಥ. ಮೇಷ್ಟ್ರುಗಳನ್ನು 'ಕೌಮ್ ಕೆ ಮೇಮಾರ್' ಎಂದು ಹೊಗಳುವ ಭಾಷಣಗಳಲ್ಲಿ ಮಾತ್ರ ಅದನ್ನು ಕೇಳುತ್ತಿದ್ದೆವು, ನಿಜವಾದ ಮೇಮಾರನನ್ನು ನೋಡಿದವರಲ್ಲ. ಇಮಾರತ್, ತಾಮೀರ್, ಮೇಮಾರ್, ಮೂರೂ ಒಂದೇ ಅರಬ್ಬಿ ಧಾತುವಿನಿಂದ ಹುಟ್ಟಿದವು. ಆಯುಷ್ಯ ಎಂಬ ಅರ್ಥದ 'ಉಮ್ರ್' ಕೂಡ ಅದೇ ಮನೆಯ ಕೂಸು. ಕಟ್ಟುವುದೆಂದರೆ ಜಾಗವೊಂದಕ್ಕೆ ಆಯುಷ್ಯ ತುಂಬುವುದು ಎಂಬ ಭಾವ ಆ ಭಾಷೆಯೊಳಗೇ ಇದೆ. ಕನ್ನಡದಲ್ಲಿ 'ವಾಸ್ತುಶಿಲ್ಪಿ' ಎಂದು ಬರೆಯುತ್ತೇವೆ, ಮಾತಿನಲ್ಲಿ ಮಾತ್ರ ಎಲ್ಲರೂ 'ಇಂಜಿನಿಯರ್ರೇ'. ಈ ಮನುಷ್ಯ ಅಸಲಿಗೆ ಮಾಡುವ ಕೆಲಸವೇನು? ಗೆರೆ ಎಳೆದ ಮೇಲೆ ಅವನಿಗೆ ಇನ್ನೇನು ಉಳಿದಿರುತ್ತದೆ? ಇದನ್ನು ತಿಳಿಯಲು ನಾನು ಮೊರೆಹೋದದ್ದು 16ನೆಯ ಶತಮಾನದ ಇಸ್ತಾಂಬುಲಿನ ಒಬ್ಬ ಮೇಮಾರನನ್ನು. ತುರ್ಕಿಯರು ಅವನನ್ನು ಮಿಮಾರ್ ಸಿನಾನ್ ಎನ್ನುತ್ತಾರೆ.

ಬೇರೆ ಯಾರನ್ನೂ ಬಿಟ್ಟು ಸಿನಾನನೇ ಏಕೆಂದರೆ, ಅವನ ಕೆಲಸದ ಲೆಕ್ಕ ಉಳಿದಿದೆ. ನಮ್ಮ ವಿಜಯಪುರದ ಗೋಲ್ ಗುಂಬಜ್ ಜಗತ್ತಿನ ದೊಡ್ಡ ಗುಮ್ಮಟಗಳಲ್ಲೊಂದು, ಆದರೆ ಅದರ ಕಲ್ಲಿಗೆ, ಕೂಲಿಗೆ, ಯೋಜನೆಗೆ ಸಂಬಂಧಿಸಿದ ದಿನಚರಿಯೊಂದು ನಮ್ಮ ಕೈಯಲ್ಲಿಲ್ಲ. ಇಬ್ರಾಹಿಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್ ಎಂಬ ಹೆಸರೂ ಒಂದೂವರೆ ಲಕ್ಷ ಹೊನ್ನಿನ ಖರ್ಚೂ ಇವೆ, ಅಷ್ಟೇ. ಅಂದಹಾಗೆ, ಬಿಜಾಪುರದ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫರಿಷ್ತಾ, ಆದಿಲ್‌ಶಾಹಿಗಳ ಮೂಲಪುರುಷ ಯೂಸುಫ್ ತುರ್ಕಿಯ ಉಸ್ಮಾನಿ ಸುಲ್ತಾನನ ಮಗ ಎಂದು ಕಥೆ ಕಟ್ಟಿದ. ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಇಸ್ತಾಂಬುಲಿನ ಹೆಸರಿಗೆ ದಖ್ಖನ್ನಿನಲ್ಲಿ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಮಾತ್ರ ಆ ಕಥೆಯೇ ಸಾಕ್ಷಿ.

ಸುಲ್ತಾನ್ ಸುಲೇಮಾನನಿಗಾಗಿ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿಯ ಕೆಲಸ 1550ರಿಂದ 1557ರವರೆಗೆ ನಡೆಯಿತು. ಆ ಕಾಮಗಾರಿಯ ಲೆಕ್ಕದ ಪುಸ್ತಕಗಳು ಉಳಿದಿವೆ. ಸಾಮಗ್ರಿಗಾಗಿ ಊರೂರಿನ ಕಾಜಿಗಳಿಗೆ ಹೋದ ಹುಕುಂಗಳೂ ಉಳಿದಿವೆ. ಓಮರ್ ಲುತ್ಫಿ ಬರ್ಕಾನ್ ಎಂಬ ತುರ್ಕಿ ವಿದ್ವಾಂಸರು ಅವನ್ನೆಲ್ಲ ಶೋಧಿಸಿ 1972ರಲ್ಲೂ 1979ರಲ್ಲೂ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಜೊತೆಗೆ ಮುದುಕನಾದ ಸಿನಾನ್ ತನ್ನ ಕಥೆಯನ್ನು ಸಾಯಿ ಮುಸ್ತಫಾ ಚಲಬಿ ಎಂಬ ಕವಿಮಿತ್ರನಿಗೆ ಹೇಳಿ ಬರೆಸಿದ. ಒಬ್ಬ ಮೇಮಾರ್ ತನ್ನ ಕೆಲಸದ ಬಗ್ಗೆ ತಾನೇ ಮಾತಾಡಿರುವುದು ಆ ಕಾಲದಲ್ಲಿ ಅಪರೂಪ.

ಸಿನಾನ್ ಹುಟ್ಟಿದ್ದು ಸುಮಾರು 1490ರಲ್ಲಿ, ಅನಾತೋಲಿಯಾದ ಕೈಸೇರಿ ಹತ್ತಿರದ ಆಯಿರ್ನಾಸ್ ಎಂಬ ಹಳ್ಳಿಯಲ್ಲಿ, ಒಂದು ಕ್ರೈಸ್ತ ಕುಟುಂಬದಲ್ಲಿ. ಉಸ್ಮಾನಿ ರಾಜ್ಯದಲ್ಲಿ ಕ್ರೈಸ್ತ ಹಳ್ಳಿಗಳ ಹುಡುಗರನ್ನು ತೆರಿಗೆಯ ಹಾಗೆ ಎತ್ತಿಕೊಂಡು ಹೋಗಿ, ಮುಸ್ಲಿಮರನ್ನಾಗಿಸಿ, ಸೈನ್ಯಕ್ಕೂ ಅರಮನೆಗೂ ತಯಾರು ಮಾಡುವ ಪದ್ಧತಿಯಿತ್ತು. ಅದಕ್ಕೆ ದೇವ್‌ಶಿರ್ಮೆ ಎಂದು ಹೆಸರು. ಸಿನಾನ್ ಹಾಗೆ ಬಂದವನು. ಅವನು ಮೇಲಕ್ಕೇರಿದ್ದನ್ನು ಹೇಳಿ ಆ ಪದ್ಧತಿಯನ್ನು ಸಮರ್ಥಿಸುವವರಿದ್ದಾರೆ. ಹಳ್ಳಿಯಲ್ಲಿ ಉಳಿದ ತಾಯಿಯ ಕಡೆಯಿಂದ ನೋಡಿದರೆ ಆ ಸಮರ್ಥನೆ ನಿಲ್ಲುವುದಿಲ್ಲ.

ಅವನು ಮೊದಲು ಕಲಿತದ್ದು ಬಡಗಿ ಕೆಲಸ. ಆಮೇಲೆ ಸೈನಿಕನಾಗಿ ಬೆಲ್‌ಗ್ರೇಡ್, ರೋಡ್ಸ್, ಮೊಹಾಕ್ಸ್, ಬಾಗ್ದಾದ್ ದಂಡಯಾತ್ರೆಗಳಿಗೆ ಹೋದ. ವಾನ್ ಸರೋವರದಲ್ಲಿ ಸೈನ್ಯಕ್ಕೆ ಹಡಗು ಕಟ್ಟಿಕೊಟ್ಟ, 1538ರಲ್ಲಿ ಪ್ರುತ್ ನದಿಗೆ ಕೆಲವೇ ದಿನಗಳಲ್ಲಿ ಸೇತುವೆ ಹಾಕಿದ. ಕೆಸರು ನೆಲದಲ್ಲಿ ಕಂಬ ನಿಲ್ಲುತ್ತದೋ ಇಲ್ಲವೋ ಎಂಬ ಪರೀಕ್ಷೆ ಅಲ್ಲಿ ಕುದುರೆ ಫಿರಂಗಿಗಳು ಹಾದುಹೋಗುವಾಗಲೇ ಆಗಿಬಿಡುತ್ತದೆ. ಸುಮಾರು 1539ರಲ್ಲಿ ಅರಮನೆಯ ಮುಖ್ಯ ಮೇಮಾರನಾದಾಗ ಅವನಿಗೆ ಐವತ್ತರ ಹತ್ತಿರ. ಅಂದರೆ ಈ ಲೇಖನ ಬರೆಯುತ್ತಿರುವವನಿಗಿಂತ ದೊಡ್ಡ ವಯಸ್ಸು! 1588ರಲ್ಲಿ ಸಾಯುವವರೆಗೂ, ಮೂವರು ಸುಲ್ತಾನರ ಕಾಲದಲ್ಲಿ, ಅವನು ಅದೇ ಹುದ್ದೆಯಲ್ಲಿದ್ದ. ಅವನ ಹೆಸರಿನ ಪಟ್ಟಿಗಳಲ್ಲಿ 400ಕ್ಕೂ ಹೆಚ್ಚು ಕಟ್ಟಡಗಳಿವೆ. ಎಲ್ಲವನ್ನೂ ಅವನೇ ನಿಂತು ಕಟ್ಟಿಸಿರಲಾರ, ಅವನ ಕೈಕೆಳಗೆ ಮೇಮಾರರ ಒಂದು ದಳವೇ ಇತ್ತು. ಸುಲೇಮಾನಿಯೆಯ ಕೆಲಸಕ್ಕೆ ಮಾತ್ರ ಸ್ವತಃ ನಿಂತಿದ್ದ.

ಕಟ್ಟಿಸುವವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಮೇಮಾರನ ಮೊದಲ ಕೆಲಸ. ಸುಲೇಮಾನನಿಗೆ ಬೇಕಾದದ್ದು ಬರೀ ಮಸೀದಿಯಲ್ಲ. ಮದ್ರಸಾಗಳು, ವೈದ್ಯಶಾಲೆ, ಆಸ್ಪತ್ರೆ, ಮುಸಾಫಿರಖಾನೆ, ಹಮಾಮು, ಮಕ್ಕಳ ಶಾಲೆ, ಬಡವರಿಗೆ ಅನ್ನ ಹಾಕುವ ಅಡುಗೆಮನೆ ಎಲ್ಲ ಸೇರಿದ ಒಂದು ಊರೇ ಆಗಬೇಕಿತ್ತು. ಆ ಅಡುಗೆಮನೆಗೆ ತುರ್ಕಿಯಲ್ಲಿ 'ಇಮಾರೆತ್' ಎಂದೇ ಹೆಸರು. ನಮ್ಮಲ್ಲಿ ಇಮಾರತ್ ಎಂದರೆ ಕಲ್ಲಿನ ಕಟ್ಟಡ, ಅವರಲ್ಲಿ ಒಲೆ ಉರಿಯುವ ಜಾಗ. ಇದರ ಜೊತೆಗೆ ಬಾಯಿಬಿಟ್ಟು ಹೇಳದ ಇನ್ನೊಂದು ಆಸೆಯೂ ಇತ್ತು. ಸಾವಿರ ವರ್ಷದಿಂದ ಆ ನಗರದ ತಲೆಯ ಮೇಲೆ ಕೂತಿದ್ದ ಅಯಾ ಸೋಫಿಯಾದ ಎದುರು ನಿಲ್ಲಬಲ್ಲ ಗುಮ್ಮಟ ಬೇಕಿತ್ತು.

ಜಾಗ ಸಿಕ್ಕಿದ್ದು ಹಳೆಯ ಅರಮನೆಯ ತೋಟದಲ್ಲಿ, ಕೊಲ್ಲಿಯ ಕಡೆಗೆ ಇಳಿದುಹೋಗುವ ಗುಡ್ಡದ ಮೇಲೆ. ನೋಟಕ್ಕೆ ಅದಕ್ಕಿಂತ ಚೆಂದದ ಜಾಗವಿಲ್ಲ, ಕಟ್ಟುವವನಿಗೆ ಅದಕ್ಕಿಂತ ಕಷ್ಟದ್ದೂ ಇಲ್ಲ. ನೆಲ ಒಂದು ಕಡೆ ಎತ್ತರ, ಇನ್ನೊಂದು ಕಡೆ ಪಾತಾಳ. ಸಿನಾನ್ ಗುಡ್ಡವನ್ನು ಕಡಿದು ಮಟ್ಟ ಮಾಡಿಸಲಿಲ್ಲ. ತಗ್ಗಿನ ಕಡೆ ಕಮಾನುಗಳ ಮೇಲೆ ಜಗಲಿ ಎತ್ತಿಸಿ ಮಸೀದಿಗೆ ಸಮನೆಲ ಮಾಡಿದ. ಆ ಕಡೆಯ ಎರಡು ಮದ್ರಸಾಗಳನ್ನು ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ. ಹುಡುಗರ ಕೋಣೆಗಳು ಒಂದರ ಕೆಳಗೊಂದು ಇಳಿಯುತ್ತ ಹೋಗುತ್ತವೆ. ಹೀಗೆ ಸಿಕ್ಕ ಏರುತಗ್ಗಿನಲ್ಲಿ ಅಂಗಡಿ ಸಾಲುಗಳನ್ನು ಕೂರಿಸಿದ. ಬಾಡಿಗೆ ವಕ್ಫಿಗೆ. ನಮ್ಮಲ್ಲಿ ಮಸೀದಿ ಕಟ್ಟಿ ಮುಗಿದ ಮೇಲೆ ಖರ್ಚಿಗೆ ಸಾಲದೆಂದು ಕಾಂಪೌಂಡು ಒಡೆದು ಅಂಗಡಿ ಮಾಡುತ್ತೇವೆ. ಅವನಿಗೆ ಆ ಯೋಚನೆ ನೆಲ ನೋಡುವಾಗಲೇ ಇತ್ತು.

ನಕ್ಷೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಉಸ್ಮಾನಿ ಮೇಮಾರರು ಚೌಕಳಿ ಗೆರೆ ಎಳೆದ ಕಾಗದದ ಮೇಲೆ ಪ್ಲಾನು ಬರೆಯುತ್ತಿದ್ದರು, ಉಳಿದಿರುವುದು ಬಹಳ ಕಡಿಮೆ. ಸುಲ್ತಾನರಿಗೆ ತೋರಿಸಲು ಮಾದರಿಗಳನ್ನೂ ಮಾಡುತ್ತಿದ್ದರು. 1582ರಲ್ಲಿ ರಾಜಕುಮಾರನ ಸುನ್ನತಿಯ ಉತ್ಸವದ ಮೆರವಣಿಗೆಯಲ್ಲಿ ಸುಲೇಮಾನಿಯೆಯ ಮಾದರಿಯನ್ನು ಹೊತ್ತು ನಡೆಯುತ್ತಿರುವ ಚಿತ್ರವೊಂದು ಆ ಉತ್ಸವದ ಸಚಿತ್ರ ಗ್ರಂಥದಲ್ಲಿದೆ. ಕಟ್ಟಡಕ್ಕೆ ಆಗಲೇ 25 ವರ್ಷವಾಗಿತ್ತು, ಸಿನಾನ್ ಬದುಕಿದ್ದ.

1550ರ ಬೇಸಿಗೆಯಲ್ಲಿ ಮಿಹ್ರಾಬಿನ ಜಾಗದಲ್ಲಿ ಮೊದಲ ಕಲ್ಲಿಟ್ಟವರು ಆ ಕಾಲದ ದೊಡ್ಡ ಆಲಿಮ್ ಅಬೂಸ್ಸುಊದ್ ಅಫಂದಿ. ಕಿಬ್ಲಾದ ದಿಕ್ಕು ಮೊದಲು ನಿಂತರೆ ಉಳಿದ ಗೆರೆಗಳೆಲ್ಲ ಅದರಿಂದ ಹೊರಡುತ್ತವೆ. ಬುನಾದಿಗೇ ವರ್ಷಗಳು ಹಿಡಿದವೆಂದು ನೂರು ವರ್ಷದ ನಂತರ ಬರೆದ ಪ್ರವಾಸಿ ಎವ್ಲಿಯಾ ಚಲಬಿ ಹೇಳುತ್ತಾನೆ. ಎವ್ಲಿಯಾನಿಗೆ ಯಾವುದನ್ನೂ ಚಿಕ್ಕದಾಗಿ ಹೇಳಿ ಗೊತ್ತಿಲ್ಲ. ಆದರೆ ಇಳಿಜಾರಿನ ಮೇಲೆ, ಭೂಕಂಪಗಳ ಊರಿನಲ್ಲಿ, ಇಷ್ಟು ಭಾರ ಹೊರಬೇಕಾದ ತಳಪಾಯಕ್ಕೆ ಅವಸರ ಮಾಡುವಂತಿರಲಿಲ್ಲ. 1509ರ ಭೂಕಂಪವನ್ನು ಆ ಊರಿನವರು 'ಸಣ್ಣ ಕಿಯಾಮತ್' ಎಂದು ಕರೆದಿದ್ದರು. ಅದನ್ನು ಕಂಡವರು ಆಗಿನ್ನೂ ಬದುಕಿದ್ದರು.

ಕಟ್ಟಡದ ಮಧ್ಯಭಾಗದ ಕಮಾನುಗಳನ್ನು ಹೊರುವ ನಾಲ್ಕು ದೈತ್ಯ ಕಲ್ಲುಕಂಬಗಳ ಕಥೆ ಕೇಳಬೇಕು. ಒಂದೊಂದೂ ಅಖಂಡ ಶಿಲೆ. ಹಾಗಂಥದ್ದನ್ನು ಹೊಸದಾಗಿ ಕಡಿಸಿ ತರಿಸುವ ಗಣಿ ಆಗ ಅವರ ಕೈಯಲ್ಲಿರಲಿಲ್ಲ. ಹಳೆಯ ಸಾಮ್ರಾಜ್ಯಗಳು ಬಿಟ್ಟುಹೋದದ್ದನ್ನೇ ಹುಡುಕಬೇಕು. ಎಲ್ಲೆಲ್ಲಿ ಯಾವ ಕಂಬವಿದೆ, ಉದ್ದವೆಷ್ಟು, ದಪ್ಪವೆಷ್ಟು ಎಂದು ಅಳೆದು ಬರೆದು ಕಳಿಸುವಂತೆ ಹುಕುಂಗಳು ಹೊರಟವು. ಕೊನೆಗೆ ಒಂದು ಅಲೆಕ್ಸಾಂಡ್ರಿಯಾದಿಂದ ಬಂತು. ಒಂದು ಲೆಬನಾನಿನ ಬಾಲ್‌ಬೆಕ್‌ನಿಂದ ಬೆಟ್ಟ ದಾಟಿ, ಕಡಲು ದಾಟಿ ಬಂತು. ಒಂದು ಅರಮನೆಯಲ್ಲೇ ಇತ್ತು. ನಾಲ್ಕನೆಯದು ಇಸ್ತಾಂಬುಲ್ ನಗರದೊಳಗೇ ಬೈಜಾಂಟಿನರ ಕಾಲದಿಂದ ನೆಟ್ಟಗೆ ನಿಂತಿತ್ತು. ಅದನ್ನು ಒಡೆಯದಂತೆ ಇಳಿಸುವುದು ಏರಿಸುವುದಕ್ಕಿಂತ ಕಷ್ಟ. ಸಿನಾನ್ ಹಡಗಿನ ಪಟಸ್ತಂಭದಂಥ ಮರಗಳಿಂದ ಸಾರುವೆ ಕಟ್ಟಿಸಿ, ರಾಟೆ ಹಗ್ಗ ಹಾಕಿಸಿ, ದೊಡ್ಡ ಜನರಾಶಿಯಿಂದ ಎಳೆಸಿ ಅದನ್ನು ಮಲಗಿಸಿದ. ನಾಲ್ಕೂ ಒಂದೇ ಅಳತೆಯವಲ್ಲ, ಅವನ್ನು ಸರಿಹೊಂದಿಸುವುದು ಬೇರೆ ತಲೆನೋವು. ತನ್ನ ಆತ್ಮಕಥೆಯಲ್ಲಿ ಅವನು ಈ ನಾಲ್ಕು ಕಂಬಗಳನ್ನು ನಾಲ್ವರು ಖಲೀಫರಿಗೆ ಹೋಲಿಸುತ್ತಾನೆ. ಯಾವುದೋ ರೋಮನ್ ಕಟ್ಟಡಕ್ಕಾಗಿ ಕಡಿದ ಕಲ್ಲು ಅಬೂಬಕರ್, ಉಮರ್, ಉಸ್ಮಾನ್, ಅಲಿಯವರ ಹೆಸರು ಹೊತ್ತು ನಿಂತಿತು. ಪರಂಪರೆ 'ಶುದ್ಧ'ವಾಗಿರಬೇಕೆಂದು ವಾದಿಸುವವರು, ಅವರು ಯಾವ ಕಡೆಯವರೇ ಇರಲಿ, ಒಮ್ಮೆ ಈ ಕಂಬಗಳ ಕೆಳಗೆ ಕೂತು ಬರಬೇಕು.

ಉಳಿದ ಸಾಮಗ್ರಿಯೂ ಹೀಗೆಯೇ ದಿಕ್ಕುದಿಕ್ಕಿನಿಂದ ಬರಬೇಕಿತ್ತು. ಬಿಳಿ ಅಮೃತಶಿಲೆ ಮರ್ಮರಾ ದ್ವೀಪದಿಂದ, ಮರ ಕಪ್ಪುಸಮುದ್ರದ ತೀರದಿಂದ, ಗುಮ್ಮಟಕ್ಕೆ ಹೊದಿಸುವ ಸೀಸ ಬಾಲ್ಕನ್ ಗಣಿಗಳಿಂದ, ಕಬ್ಬಿಣ ಇಂದಿನ ಬಲ್ಗೇರಿಯಾದ ಸಮೊಕೋವ್‌ನಿಂದ. ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ಕುಳಿಯೊಳಗೆ ಕರಗಿದ ಸೀಸ ಹೊಯ್ಯುತ್ತಿದ್ದರು. ಭೂಮಿ ಅಲುಗಿದರೆ ಕಲ್ಲುಗಳು ಒಂದನ್ನೊಂದು ಕೈಬಿಡಬಾರದು. ಯಾವುದು ಮೊದಲು ಬೇಕು, ಯಾವುದು ಮಳೆಗೆ ಮುಂಚೆ ಹಡಗು ಹತ್ತಬೇಕು ಎಂದು ತಿಂಗಳುಗಟ್ಟಲೆ ಮುಂದೆ ಲೆಕ್ಕ ಹಾಕಬೇಕಾದವನು ಮೇಮಾರನೇ.

ಹಣದ ಚೀಲ ಮಾತ್ರ ಅವನ ಕೈಯಲ್ಲಿರಲಿಲ್ಲ. ನನಗೆ ಬಹಳ ಹಿಡಿಸಿದ ಸಂಗತಿ ಇದು. ದೊಡ್ಡ ಕಾಮಗಾರಿಗೆಲ್ಲ ಒಬ್ಬ 'ಬಿನಾ ಅಮೀನ್' ನೇಮಕವಾಗುತ್ತಿದ್ದ. ಸಾಮಾನು ಕೊಳ್ಳುವುದು, ಕೂಲಿ ಬಟವಾಡೆ, ಲೆಕ್ಕ ಬರೆಸುವುದು ಅವನ ಕೆಲಸ. ಏನು ಬೇಕು, ಎಷ್ಟು ಬೇಕು, ಬಂದದ್ದು ಸರಿಯಾಗಿದೆಯೇ ಎಂದು ಹೇಳುವವನು ಮೇಮಾರ್. ಒಬ್ಬ ಹೇಳದೆ ಇನ್ನೊಬ್ಬ ಕೊಳ್ಳುವಂತಿಲ್ಲ, ಇನ್ನೊಬ್ಬ ಬರೆಯದೆ ಒಬ್ಬ ಖರ್ಚು ಮಾಡುವಂತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ನಮ್ಮಲ್ಲಿ ನಕ್ಷೆ, ಸಾಮಾನು, ಕೂಲಿ, ಮೇಲ್ವಿಚಾರಣೆ ಎಲ್ಲವನ್ನೂ ಒಬ್ಬನಿಗೇ ಗುತ್ತಿಗೆ ಕೊಟ್ಟು, ಆಮೇಲೆ ಗೋಡೆ ಬಿರುಕು ಬಿಟ್ಟಾಗ ಅವನನ್ನೇ ಕರೆದು ಬಿರುಕು ಏಕೆ ಬಂತೆಂದು ಕೇಳುತ್ತೇವೆ.

ಆ ಲೆಕ್ಕದ ಪುಸ್ತಕಗಳಲ್ಲಿ ಕೆಲಸಗಾರರ ಹೆಸರುಗಳಿವೆ, ಊರುಗಳಿವೆ, ಕೂಲಿಯಿದೆ. ಬರ್ಕಾನರ ಎಣಿಕೆಯಂತೆ ಒಟ್ಟು 3,523 ಕಸುಬುದಾರರು ದುಡಿದರು. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಕ್ರೈಸ್ತರು, ಉಳಿದವರು ಮುಸ್ಲಿಮರು. ಗೋಡೆ ಕಟ್ಟುವವರಲ್ಲಂತೂ ಕ್ರೈಸ್ತರದೇ ಮೇಲುಗೈ. ಇಡೀ ಕೆಲಸದ ದಿನಗಳನ್ನು ಕೂಡಿದರೆ ಸುಮಾರು 27 ಲಕ್ಷ ಆಳುದಿನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ ಪಡೆದ ಸ್ವತಂತ್ರ ಕೆಲಸಗಾರರದು, ಸುಮಾರು ಶೇ. 40 ಸೈನ್ಯಕ್ಕೆ ತಯಾರಾಗುತ್ತಿದ್ದ ಎಳೆಯ ಹುಡುಗರದು, ಶೇ. 5ರಷ್ಟು ಹಡಗಿನ ಹುಟ್ಟುಹಾಕುವ ಗುಲಾಮರದು. ಖಲೀಫ ಎಂದು ಕರೆಸಿಕೊಳ್ಳುವ ಸುಲ್ತಾನನ ಮಸೀದಿಯ ಗೋಡೆಯನ್ನು ಕೂಲಿ ಪಡೆದು ಎತ್ತಿದವರಲ್ಲಿ ಅರ್ಧ ಜನ ಭಾನುವಾರ ಚರ್ಚಿಗೆ ಹೋಗುವವರು. ಲೆಕ್ಕ ಬರೆದವನಿಗೆ ಇದು ವಿಶೇಷವೆನಿಸಿರಲಿಲ್ಲ. ಕಲ್ಲುಕುಟಿಗ ಎಂದರೆ ಕಲ್ಲುಕುಟಿಗ. ಆದರೆ ಆ ಶೇ. 5ರ ಮುಂದೆಯೂ ನಿಂತು ನೋಡಬೇಕು. ಕಾಲಿಗೆ ಸರಪಳಿ ಹಾಕಿದವರ ಬೆವರೂ ಆ ಗುಮ್ಮಟದಲ್ಲಿದೆ. ಚೆಂದದ ಕಟ್ಟಡಗಳ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಸಾಲು ಇದು.

ಗುಮ್ಮಟದ ವ್ಯಾಸ ಸುಮಾರು ಇಪ್ಪತ್ತಾರೂವರೆ ಮೀಟರ್, ನೆಲದಿಂದ ಎತ್ತರ ಸುಮಾರು 53 ಮೀಟರ್. ಅಂಥ ಗುಮ್ಮಟ ಕೆಳಕ್ಕೆ ಒತ್ತುವುದು ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ. ಅಯಾ ಸೋಫಿಯಾದ ಗುಮ್ಮಟ ಕಟ್ಟಿದ ಕೆಲವೇ ವರ್ಷಗಳಲ್ಲಿ, 558ರಲ್ಲಿ ಕುಸಿದಿತ್ತು. ಆಮೇಲೆ ಶತಮಾನಗಟ್ಟಲೆ ಅದಕ್ಕೆ ಹೊರಗಿನಿಂದ ದಪ್ಪ ದಪ್ಪ ಆನಿಕೆ ಗೋಡೆಗಳನ್ನು ಕೊಟ್ಟು ನಿಲ್ಲಿಸಬೇಕಾಯಿತು. ಸಿನಾನ್ ಅದರಿಂದ ಪಾಠ ಕಲಿತ. ಮುಂದೆ ಹಿಂದೆ ಎರಡು ಅರ್ಧಗುಮ್ಮಟಗಳನ್ನಿಟ್ಟು ತಳ್ಳುವ ಬಲವನ್ನು ಇಳಿಸಿಕೊಂಡ. ಪಕ್ಕದ ಆನಿಕೆಗಳನ್ನು ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಹಂಚಿ, ನಡುವೆ ಮೊಗಸಾಲೆ ಕೂರಿಸಿದ. ನೋಡುವವರಿಗೆ ಅದು ನೆರಳಿನ ಮೊಗಸಾಲೆ, ಕಟ್ಟಡಕ್ಕೆ ಅದು ಬೆನ್ನುಮೂಳೆ.

ಇಷ್ಟೆಲ್ಲ ಆದಮೇಲೂ ಅವನ ಕುತ್ತಿಗೆಗೆ ಬಂದದ್ದು ಗಾಳಿಮಾತಿನಿಂದ. ಕೆಲಸ ತಡವಾಗುತ್ತಿದೆ, ಗುಮ್ಮಟ ನಿಲ್ಲುವುದಿಲ್ಲವಂತೆ, ಮೇಮಾರನಿಗೆ ತಲೆ ಕೆಟ್ಟಿದೆಯಂತೆ ಎಂದು ಯಾರೋ ಸುಲ್ತಾನನ ಕಿವಿಯೂದಿದರು. ಒಂದು ದಿನ ಸುಲೇಮಾನ್ ಹೇಳದೆ ಕೇಳದೆ ಬಂದ. ಆಗ ಸಿನಾನ್ ಅಮೃತಶಿಲೆಯ ಕೆಲಸಗಾರರ ಜೊತೆ ಮಿಂಬರ್ ಮಿಹ್ರಾಬುಗಳ ಕೆತ್ತನೆ ನೋಡುತ್ತಿದ್ದ. ಸುಲ್ತಾನನಿಗೆ ಸಿಟ್ಟು ನೆತ್ತಿಗೇರಿತು. ನನ್ನ ಮುತ್ತಾತ ಸುಲ್ತಾನ್ ಮಹಮ್ಮದನ ಮೇಮಾರನಿಗೆ ಆದದ್ದು ಗೊತ್ತಿದೆಯಲ್ಲ, ಕೆಲಸ ಯಾವಾಗ ಮುಗಿಯುತ್ತದೆ ಹೇಳು ಎಂದು ಗದರಿದ. ಆ ಮೇಮಾರನ ಹೆಸರೂ ಸಿನಾನ್ ಎಂದೇ. ಕಂಬಗಳನ್ನು ಗಿಡ್ಡ ಮಾಡಿ ಗುಮ್ಮಟವನ್ನು ಅಯಾ ಸೋಫಿಯಾಕ್ಕಿಂತ ಕೆಳಗಿಳಿಸಿದನೆಂದು ಸುಲ್ತಾನ ಅವನ ಕೈ ಕಡಿಸಿದ ಎಂಬ ಕಥೆಯಿದೆ. ಕೈ ಕಡಿಸಿದ್ದು ಕಥೆಯಿರಬಹುದು, ಅವನು 1471ರಲ್ಲಿ ಸೆರೆಯಲ್ಲಿ ಕೊಲ್ಲಲ್ಪಟ್ಟದ್ದು ಕಥೆಯಲ್ಲ.

ನಮ್ಮ ಸಿನಾನ್ ಎರಡು ತಿಂಗಳು ಎಂದ. ಅರಮನೆಯವರು ಇವನಿಗೆ ನಿಜಕ್ಕೂ ಹುಚ್ಚು ಎಂದುಕೊಂಡರು. ಮತ್ತೆ ಕರೆಸಿ ಕೇಳಿದರೂ ಅದೇ ಉತ್ತರ. ಆಮೇಲೆ ಹಗಲುರಾತ್ರಿ ದುಡಿಸಿ, ಹೇಳಿದ ಅವಧಿಯೊಳಗೆ ಮುಗಿಸಿದೆನೆಂದು ಅವನು ಬರೆಸಿದ್ದಾನೆ. ಕಥೆ ಬರೆಯುವವನಾದ ನನಗೆ ಈ ಭಾಗದಲ್ಲಿ ಮುದುಕ ಸ್ವಲ್ಪ ಬಣ್ಣ ಹಚ್ಚಿದ್ದಾನೆಂಬ ಗುಮಾನಿಯಿದೆ. ಆದರೆ ಆ ಸಿಟ್ಟಿನ ಗಳಿಗೆಯಲ್ಲಿ ಅವನು ಏನು ಮಾಡುತ್ತಿದ್ದ ಎಂಬುದನ್ನು ಗಮನಿಸಿ. ಮೇಲೆ ಗುಮ್ಮಟದ ಚಿಂತೆ ಇರುವಾಗ ಕೆಳಗೆ ಇಮಾಮರು ಹತ್ತಿ ನಿಲ್ಲುವ ಮೆಟ್ಟಿಲಿನ ಕೆತ್ತನೆ ನೋಡುತ್ತಿದ್ದ. ಕಟ್ಟಿಸುವವನಿಗೆ ಅದು ಕಾಲಹರಣದಂತೆ ಕಂಡಿತು.

ಇನ್ನೊಂದು ಕಥೆ ಇಸ್ತಾಂಬುಲಿನಲ್ಲಿ ಬಹಳ ಪ್ರಸಿದ್ಧ. ಕಟ್ಟುತ್ತಿರುವ ಮಸೀದಿಯ ನಡುವೆ ಕೂತು ಸಿನಾನ್ ಹುಕ್ಕಾ ಸೇದುತ್ತಿದ್ದಾನೆಂದು ಯಾರೋ ದೂರು ಕೊಟ್ಟರಂತೆ. ಸುಲ್ತಾನ ಬಂದು ನೋಡಿದರೆ ಹುಕ್ಕಾದಲ್ಲಿ ತಂಬಾಕೇ ಇಲ್ಲ. ನೀರಿನ ಗುಳುಗುಳು ಸದ್ದು ಗುಮ್ಮಟದ ಕೆಳಗೆ ಎಲ್ಲೆಲ್ಲಿ ಹೇಗೆ ಕೇಳುತ್ತದೆ ಎಂದು ಅವನು ಕಿವಿಗೊಟ್ಟು ಕೂತಿದ್ದನಂತೆ. ಸೊಗಸಾದ ಕಥೆ, ಆದರೆ ನಡೆದಿರಲಾರದು. ತಂಬಾಕು ಆ ಊರಿಗೆ ಬಂದದ್ದು ಸುಮಾರು 1600ರ ಹೊತ್ತಿಗೆ, ಸುಲೇಮಾನ್ ತೀರಿಕೊಂಡದ್ದು 1566ರಲ್ಲಿ. ಸದ್ದಿನ ಬಗ್ಗೆ ಅವನಿಗಿದ್ದ ಕಾಳಜಿ ಮಾತ್ರ ಸುಳ್ಳಲ್ಲ. ಗುಮ್ಮಟದೊಳಗೆ ಬಾಯಿ ತೆರೆದ ಮಣ್ಣಿನ ಗಡಿಗೆಗಳನ್ನು ಹುದುಗಿಸಿ ಪ್ರತಿಧ್ವನಿಯನ್ನು ಹದಗೊಳಿಸುವ ಉಪಾಯ ಅಲ್ಲಿದೆ. ಸಾವಿರಾರು ಎಣ್ಣೆದೀಪಗಳ ಹೊಗೆ ಗಾಳಿಯ ಹರಿವಿಗೆ ಸಿಕ್ಕಿ ಮುಂಬಾಗಿಲ ಮೇಲಿನ ಕೋಣೆಯೊಂದರಲ್ಲಿ ಕೂಡುತ್ತಿತ್ತು, ಆ ಮಸಿಯಿಂದ ಬರೆಯುವ ಶಾಯಿ ಮಾಡುತ್ತಿದ್ದರು ಎಂದೂ ಹೇಳುತ್ತಾರೆ. ಖುತ್ಬಾ ಕೇಳಿಸಬೇಕು, ದೀಪದ ಹೊಗೆ ಕಣ್ಣಿಗೆ ಹತ್ತಬಾರದು ಎಂಬುದೆಲ್ಲ ಮೇಸ್ತ್ರಿಯ ಕೈಯಲ್ಲಿರುವ ತೂಗುಗುಂಡಿಗೆ ಗೊತ್ತಾಗುವುದಿಲ್ಲ. ಯಾರಾದರೂ ಮೊದಲೇ ಅಲ್ಲಿ ಕೂತು, ಹಿಂದಿನ ಸಾಲಿನ ಮುದುಕನ ಕಿವಿಯಿಂದ ಕೇಳಿಸಿಕೊಂಡಿರಬೇಕು.

ಬಣ್ಣದ ಗಾಜಿಗೆ ಇಬ್ರಾಹಿಂ ಎಂಬವನ ಹೆಸರು ಹೇಳುತ್ತಾರೆ, ಅವನ ಅಡ್ಡಹೆಸರು 'ಸರ್‌ಖುಶ್', ಅಂದರೆ ಕುಡುಕ! ಅಕ್ಷರಗಳು ಕರಾಹಿಸಾರಿ ಅಹ್ಮದರ ಪರಂಪರೆಯವು, ಕಿಬ್ಲಾ ಗೋಡೆಯ ಹೆಂಚು ಇಜ್ನಿಕ್ಕಿನವು. ಇವರೆಲ್ಲರೂ ತಮ್ಮ ತಮ್ಮ ಕಸುಬಿನಲ್ಲಿ ಸಿನಾನನಿಗಿಂತ ದೊಡ್ಡವರು. ಅವರ ಕೆಲಸ ಒಂದಕ್ಕೊಂದು ಕಚ್ಚಾಡದಂತೆ ನೋಡಿಕೊಳ್ಳುವುದು ಅವನ ಪಾಲಿನದು.

1557ರಲ್ಲಿ ಬಾಗಿಲು ತೆರೆಯುವ ದಿನ ಬಂತು. ಸುಲೇಮಾನ್ ಬೀಗದ ಕೈ ಹಿಡಿದು, ಇದನ್ನು ತೆರೆಯಲು ಯಾರು ಯೋಗ್ಯರು ಎಂದು ಪಕ್ಕದವರನ್ನು ಕೇಳಿದನಂತೆ. ಮೇಮಾರನೇ ಎಂಬ ಉತ್ತರ ಬಂತು. ಸುಲ್ತಾನ ಕೀಲಿಯನ್ನು ಸಿನಾನನ ಕೈಗಿಟ್ಟ. ಇದೂ ಸಿನಾನ್ ಹೇಳಿ ಬರೆಸಿದ್ದೇ.

ಕೀಲಿ ತಿರುಗಿಸಿದ ಮೇಲೆ ಮೇಮಾರ್ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ವಕ್ಫಿನ ಸಂಬಳದ ಪಟ್ಟಿಯಲ್ಲಿ ಇಮಾಮ್, ಮುಅಜ್ಜಿನರ ಜೊತೆಗೆ ದುರಸ್ತಿಯವರು, ನೀರಿನ ಕಾಲುವೆ ನೋಡುವವರು ಇದ್ದರು. ಕಟ್ಟಡಕ್ಕೆ ಕಾಯಿಲೆ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡ ಏರ್ಪಾಡು ಅದು. ಸಿನಾನನೇ ನಗರಕ್ಕೆ ಕಟ್ಟುತ್ತಿದ್ದ ನೀರಿನ ಮೇಲ್ಗಾಲುವೆಗಳು 1563ರ ನೆರೆಗೆ ಸಿಕ್ಕಿ ಕೆಟ್ಟವು. ಕೊಚ್ಚಿಹೋದದ್ದನ್ನು ಅವನೇ ಮತ್ತೆ ಕಟ್ಟಿಸಿದ. ಎಂಬತ್ತು ದಾಟಿದ ಮೇಲೆ, 1573ರಲ್ಲಿ, ತಾನು ಜೀವಮಾನವಿಡೀ ಸ್ಪರ್ಧಿಸಿದ ಅಯಾ ಸೋಫಿಯಾದ ದುರಸ್ತಿಗೇ ನಿಂತ. ಅದರ ಗೋಡೆಗೆ ಅಂಟಿಕೊಂಡಿದ್ದ ಮನೆಗಳನ್ನು ತೆರವು ಮಾಡಿಸಿ ಆನಿಕೆಗಳನ್ನು ಬಲಪಡಿಸಿದ. ಅವನ ಸುಲೇಮಾನಿಯೆ 1660ರ ಬೆಂಕಿಗೆ ಸಿಕ್ಕಿತು, 1766ರ ಭೂಕಂಪದಲ್ಲಿ ಗುಮ್ಮಟದ ಒಂದು ಭಾಗ ಬಿತ್ತು, ಮೊದಲ ಮಹಾಯುದ್ಧದಲ್ಲಿ ಅಂಗಳ ಮದ್ದುಗುಂಡಿನ ಉಗ್ರಾಣವಾಗಿ ಮತ್ತೆ ಬೆಂಕಿ ಕಂಡಿತು. ಪ್ರತಿಸಲವೂ ಯಾರೋ ಹತ್ತಿ ನೋಡಿ ಸರಿ ಮಾಡಿದ್ದಾರೆ. ತೀರ ಇತ್ತೀಚಿನ ದೊಡ್ಡ ದುರಸ್ತಿ ಮುಗಿದು 2010ರಲ್ಲಿ ಬಾಗಿಲು ತೆರೆಯಿತು.

ಸಿನಾನನ ಸಮಾಧಿ ಮಸೀದಿಯ ಆವರಣದೊಳಗಿಲ್ಲ. ಸುಲೇಮಾನ್ ಮತ್ತು ಅವನ ಬೇಗಮ್ ಹುರ್ರಮರ ಗೋರಿಗಳು ಕಿಬ್ಲಾ ಗೋಡೆಯ ಹಿಂದೆ ದೊಡ್ಡ ಗುಮ್ಮಟಗಳ ಕೆಳಗಿವೆ. ಇವನದು ಹೊರಗೆ, ಎರಡು ಬೀದಿ ಕೂಡುವ ಮೂಲೆಯ ಮುಕ್ಕೋನ ಜಾಗದಲ್ಲಿ, ತಾನೇ ಹಾಕಿಕೊಂಡ ಅಳತೆಯಲ್ಲಿದೆ. ಮೂಲೆಯ ತುದಿಯಲ್ಲಿ ದಾರಿಹೋಕರಿಗೆ ನೀರು ಕೊಡುವ ಒಂದು ಚಿಕ್ಕ ಅರವಟ್ಟಿಗೆ.

ಇದನ್ನೆಲ್ಲ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲೇ ನಮ್ಮ ಮಸೀದಿಯ ಲೆಕ್ಕದ ಪುಸ್ತಕ ಹೇಗಿದೆ ನೋಡೋಣವೆಂದು ಕೇಳಿ ಪಡೆದೆ. ದಪ್ಪ ರಟ್ಟಿನ ನೋಟುಬುಕ್ಕು. ಚಂದಾ ಕೊಟ್ಟವರ ಹೆಸರು, ಸಿಮೆಂಟಿನ ಚೀಲ, ಕಂಬಿಯ ತೂಕ, ಮರಳಿನ ಲೋಡು, ಮೇಸ್ತ್ರಿಗೆ ಕೊಟ್ಟ ಅಡ್ವಾನ್ಸು, ಉದ್ಘಾಟನೆಯ ದಿನದ ಬಿರಿಯಾನಿ ಖರ್ಚು, ಎಲ್ಲ ಚೊಕ್ಕವಾಗಿ ಬರೆದಿದೆ. ಒಂದು ಪೈಸೆಯ ಮೋಸವಿಲ್ಲ. ಗುಮ್ಮಟ ಇಷ್ಟೇ ಎತ್ತರ ಇರಲಿ ಎಂದು ಯಾರು ಹೇಳಿದರು, ಪಶ್ಚಿಮದ ಗೋಡೆಗೆ ಮಳೆ ಹೊಡೆಯುತ್ತದೆಂದು ಯಾರಿಗೆ ಹೊಳೆಯಬೇಕಿತ್ತು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ಪುಸ್ತಕ ವಾಪಸು ಕೊಡಲು ಹೋದಾಗ ಮಳೆ ಬರುತ್ತಿತ್ತು. ಮಿಹ್ರಾಬಿನ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದರು. ಅಂದು ನಕ್ಕಿದ್ದ ಹಿರಿಯರು ಈಗ ಮುತವಲ್ಲಿ. ಪುಸ್ತಕ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಅವತ್ತು ಮೂಲೇಲಿ ಕೂತಿದ್ನಲ್ಲ, ಆ ಹುಡುಗನ ನಂಬರು ನಿಮ್ಮ ಹತ್ರ ಇದೆಯಾ ಭಾಯ್?"

ಇತ್ತು. ಬರೆದು ಕೊಟ್ಟೆ.